ಚಾಪೆ ಮೇಲೆ ನಿಮಗೂ ಜಾಗ ಇದೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಲಿಂಗತ್ವ ಅಲ್ಪಸಂಖ್ಯಾತರ ಬೆಂಬಲ ಗುಂಪಿಗೆ ಹೋಗಬೇಕಾ, ಹೋದರೆ ಅಲ್ಲಿ ಏನು ಮಾಡಬೇಕು, ಬಾರದವರನ್ನು ಹೇಗೆ ಕರೆತರಬೇಕು ಅಂತ. ನಾನೊಬ್ಬ ಟ್ರಾನ್ಸ್ ಮಹಿಳೆ. ನಮ್ಮ ಊರಲ್ಲಿ ಇಂಥದ್ದೊಂದು ಗುಂಪಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅಲ್ಲಿ ಕಂಡದ್ದನ್ನೇ ಬರೆದಿದ್ದೇನೆ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಟ್ರಾನ್ಸ್ ಮಹಿಳೆ, ವಯಸ್ಸು 24. ಮೂರು ಸಲ ಗುಂಪಿನ ಸಭೆಗೆ ಹೋದೆ. ಎಲ್ಲರೂ ಕಾಯ್ದೆ, ಹಕ್ಕು ಅಂತ ಜೋರಾಗಿ ಮಾತಾಡ್ತಾರೆ. ನನಗೆ ಏನೂ ಗೊತ್ತಿಲ್ಲ. ಬಾಗಿಲ ಹತ್ತಿರ ಕೂತು ಎದ್ದು ಬರ್ತೀನಿ. ನಾನು ಹೋಗಿ ಏನು ಪ್ರಯೋಜನ?

ಮೂರು ಸಲ ಹೋಗಿದ್ದೀರಿ ಅಲ್ವಾ? ಮೊದಲನೇ ಸಲ ಹೋಗುವುದಕ್ಕೆ ಎಷ್ಟು ದಿನ ಧೈರ್ಯ ಕೂಡಿಸಿಕೊಂಡಿರಬೇಕು ಅಂತ ನನಗೆ ಗೊತ್ತು. ನಾನು ಎರಡು ಸಲ ಆ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದವಳು.

ನಮ್ಮ ಗುಂಪಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಬಂದವರು ಅದರಲ್ಲಿ ಹೆಸರು ಬರೆಯಬೇಕು. ಆಧಾರ್‌ನಲ್ಲಿ ಇರುವ ಹೆಸರೇ ಆಗಬೇಕು ಅಂತೇನಿಲ್ಲ, ಮನಸ್ಸಿಗೆ ಬಂದ ಹೆಸರು ಬರೆಯಬಹುದು. ಒಬ್ಬ ಹುಡುಗಿ ಮೊದಲ ಎರಡು ತಿಂಗಳು ಬರೀ ಒಂದು ಚುಕ್ಕೆ ಇಟ್ಟಳು. ಪೆನ್ನು ಕಾಗದಕ್ಕೆ ತಾಗಿಸಿದ್ದಷ್ಟೆ. ಮೂರನೇ ತಿಂಗಳು ನಮ್ಮ ಹಿರಿಯರೊಬ್ಬರು, 'ಮಗಳೇ, ಈ ಪುಸ್ತಕ ಇನ್ಮೇಲೆ ನೀನೇ ಹಿಡ್ಕೊ, ಬಂದೋರ ಕೈಲಿ ಬರೆಸು' ಅಂತ ಅವಳ ಮಡಿಲಿಗೆ ಹಾಕಿಬಿಟ್ಟರು. ಈಗ ಅವಳು ಪ್ರತಿಯೊಬ್ಬರ ಮುಂದೆ ಹೋಗಿ ಕೂರಲೇಬೇಕು. 'ಅಕ್ಕ, ಹೆಸರು?' ಅಂತ ಕೇಳಲೇಬೇಕು. ಕೇಳಿದವಳನ್ನು ಅವರೂ ತಿರುಗಿ ಕೇಳುತ್ತಾರೆ, 'ನಿಂದೇನೇ?' ಆ ದಿನ ಪುಟದ ಕೊನೆಯಲ್ಲಿ 'ಸ' ಅಂತ ಒಂದಕ್ಷರ ಇತ್ತು. ಮುಂದಿನ ತಿಂಗಳು ಪೂರ್ತಿ ಹೆಸರು, ಕೆಳಗೆ ಎರಡು ಗೆರೆ ಎಳೆದು.

ನಿಮಗೂ ಅಂಥದ್ದೊಂದು ಕೆಲಸ ಬೇಕು ಅಂತ ನನಗನಿಸುತ್ತದೆ. ಯಾರಾದರೂ ಕೊಡಲಿ ಅಂತ ಕಾಯಬೇಡಿ, ಕೇಳಿ. ನೀವು ಗಾರ್ಮೆಂಟ್ಸ್‌ನಲ್ಲಿದ್ದೀರಿ, ಹೊಲಿಗೆ ಗೊತ್ತು. ನಮ್ಮವರಲ್ಲಿ ಎಷ್ಟೋ ಜನ ಬ್ಲೌಸ್ ಅಳತೆ ಕೊಡುವುದಕ್ಕೆ ದರ್ಜಿ ಅಂಗಡಿಗೆ ಹೋಗುವುದಿಲ್ಲ. ಟೇಪು ಹಿಡಿದವರು ಒಂಥರಾ ನಕ್ಕರೆ ಸಾಕು, ಮತ್ತೆ ಆ ಬೀದಿಗೇ ಕಾಲಿಡುವುದಿಲ್ಲ. ಅಳತೆ ಸರಿಯಿಲ್ಲದ ಬ್ಲೌಸ್ ಹಾಕಿಕೊಂಡು, ಸೆರಗು ಎಳೆದೆಳೆದು ಮುಚ್ಚಿಕೊಳ್ಳುತ್ತಾ ಇಡೀ ದಿನ ಕಳೆಯುತ್ತಾರೆ. ನೀವು ಮುಂದಿನ ಸಲ ಒಂದು ಅಳತೆ ಟೇಪು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ. ನೋಡುತ್ತಿರಿ, ಬಾಗಿಲ ಹತ್ತಿರ ಕೂರಲು ನಿಮ್ಮನ್ನು ಯಾರೂ ಬಿಡುವುದಿಲ್ಲ.

ಇನ್ನು ಆ ಕಾಯ್ದೆ ಮಾತು. 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟು ನಮ್ಮನ್ನು ಮೂರನೇ ಲಿಂಗ ಅಂತ ಗುರುತಿಸಿತು. 2019ರಲ್ಲಿ ಸಂಸತ್ತು ನಮ್ಮ ಹಕ್ಕುಗಳ ರಕ್ಷಣೆಗೆ ಅಂತ ಕಾಯ್ದೆ ಮಾಡಿತು. ಜಾಸ್ತಿ ಮಾತು ಈ ಎರಡರ ಸುತ್ತಲೇ ತಿರುಗುತ್ತದೆ. ಅರ್ಥವಾಗದಿದ್ದರೆ 'ಇನ್ನೊಂದ್ಸಲ ಹೇಳಿ' ಅನ್ನಿ. ನಿಮ್ಮ ಪಕ್ಕದಲ್ಲಿ ಕೂತವರಿಗೂ ಅರ್ಥವಾಗಿರುವುದಿಲ್ಲ, ಕೇಳಲು ನಾಚಿಕೆ ಅಷ್ಟೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಗುಂಪು ನಡೆಸುತ್ತಿದ್ದೇನೆ. ವಾಟ್ಸ್ಯಾಪ್‌ನಲ್ಲಿ 60 ಜನ ಇದ್ದಾರೆ, ಸಭೆಗೆ ಬರುವುದು ಆರು ಜನ. ಎಷ್ಟು ಮೆಸೇಜ್ ಹಾಕಿದರೂ ಅಷ್ಟೆ. ನಮ್ಮವರಿಗೇ ಆಸಕ್ತಿ ಇಲ್ಲ ಅಂತ ಬೇಸರ ಆಗಿದೆ. ಏನು ಮಾಡಲಿ?

ಬೇಸರ ಅರ್ಥವಾಗುತ್ತದೆ. ಆದರೆ 'ಆಸಕ್ತಿ ಇಲ್ಲ' ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. ನಾವೂ ಹಾಗೇ ಅಂದುಕೊಂಡಿದ್ದೆವು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆವು, ಯಾಕೆ ಬರಲ್ಲ ಅಂತ.

ನಮ್ಮ ಸಭೆ ಆಗ ಶನಿವಾರ ಸಂಜೆ ಆರಕ್ಕೆ ಇತ್ತು. ಅಂಗಡಿ ಕಲೆಕ್ಷನ್‌ಗೆ, ಸಿಗ್ನಲ್‌ಗೆ ಅಂತ ದುಡ್ಡು ಕೇಳಲು ಹೋಗುವವರಿಗೆ, ಸೆಕ್ಸ್ ವರ್ಕ್ ಮಾಡುವವರಿಗೆ ಅದು ದುಡಿಮೆಯ ಹೊತ್ತು. ಆ ಎರಡು ಗಂಟೆ ಬಿಟ್ಟು ಬಂದರೆ ಮನೆ ಬಾಡಿಗೆಗೆ ಪೆಟ್ಟು. ಗಾರ್ಮೆಂಟ್ಸ್‌ನವರು ಆ ಹೊತ್ತಿಗೆ ಇನ್ನೂ ಬಸ್ಸಿನಲ್ಲಿ. ಎಲ್ಲಮ್ಮ ದೇವಿಯ ಸೇವೆಗೆ ನಿಂತ ಜೋಗಪ್ಪಂದಿರನ್ನು ಮಂಗಳವಾರ, ಶುಕ್ರವಾರ ಕರೆಯಲೇಬೇಡಿ. ಎಲ್ಲಮ್ಮನ ವಾರ, ದೇವಿಯ ಬುಟ್ಟಿ ಪಡ್ಡಲಗಿ ಹಿಡಿದು ಜೋಗಕ್ಕೆ, ಅಂದರೆ ಭಿಕ್ಷೆಗೆ, ಹೋಗಿರುತ್ತಾರೆ. ಭರತ ಹುಣ್ಣಿಮೆಗಂತೂ ಎಲ್ಲರೂ ಸವದತ್ತಿಯಲ್ಲೇ. ನಾವು ಕೊನೆಗೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟೆವು, ಊಟದ ಸಮೇತ. ಒಬ್ಬರು ಅನ್ನ ಮಾಡಿ ತರುತ್ತಾರೆ, ಒಬ್ಬರು ಸಾರು, ಇನ್ನೊಬ್ಬರು ಬರೀ ಈರುಳ್ಳಿ ಹೆಚ್ಚುತ್ತಾರೆ. ಈರುಳ್ಳಿ ಹೆಚ್ಚುವವರು ಒಂದು ಸಭೆಯನ್ನೂ ತಪ್ಪಿಸಿಲ್ಲ.

ಎರಡನೆಯದು ದಾರಿ ಖರ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಮಹಿಳೆಯರ ಜೊತೆ ನಮ್ಮನ್ನೂ ಸೇರಿಸಿದರು, ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೆ ಕೈಯಲ್ಲಿ ಗುರುತಿನ ಕಾರ್ಡು ಇರಬೇಕು. ಕಾರ್ಡಿನಲ್ಲಿ ಇನ್ನೂ ಗಂಡಸಿನ ಹೆಸರು, ಹಳೇ ಫೋಟೊ ಇದ್ದು, ಸೀರೆ ಉಟ್ಟು ಹತ್ತಿದರೆ ಕಂಡಕ್ಟರ್ ಜೊತೆ ವಾದ, ಇಡೀ ಬಸ್ಸು ತಿರುಗಿ ನೋಡುತ್ತದೆ. ಅದಕ್ಕೆ ಹೆದರಿಯೇ ಬಾರದವರು ಇದ್ದಾರೆ. ಕರಾವಳಿ ಕಡೆಯಾದರೆ ಖಾಸಗಿ ಬಸ್ಸೇ ಜಾಸ್ತಿ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಂದೇ ದಾರಿಯಲ್ಲಿ ಬರುವ ಇಬ್ಬರು ಮೂವರನ್ನು ಜೊತೆ ಮಾಡಿಸಿ. ಒಬ್ಬರೇ ಬರುವುದಕ್ಕೂ ಜೊತೆಯಲ್ಲಿ ಬರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಮೂರನೆಯದು ತುಂಬಾ ಮುಖ್ಯ, ದಯವಿಟ್ಟು ಗಮನಿಸಿ. ಹಮಾಮ್ ಅಂದರೆ ನಮ್ಮವರಲ್ಲಿ ಒಬ್ಬ ಗುರು ಮತ್ತು ಅವರ ಶಿಷ್ಯರು, ಅಂದರೆ ಚೇಲಾಗಳು, ಒಟ್ಟಿಗೆ ಬದುಕುವ ಮನೆ. ಅಲ್ಲಿ ಇರುವವರು ಗುರುವಿನ ಮಾತು ಮೀರಿ ಬರುವುದಿಲ್ಲ. ನೀವು ಚೇಲಾಗಳಿಗೆ ಮಾತ್ರ ಮೆಸೇಜ್ ಹಾಕಿದರೆ ಗುರುವಿಗೆ ಅನುಮಾನ ಬರುವುದು ಸಹಜ. ನಮ್ಮ ಮಕ್ಕಳನ್ನು ಒಡೆಯಲು ಬಂದಿದ್ದಾರೆ ಅಂತ. ಮೊದಲು ಹಮಾಮ್‌ಗೆ ಹೋಗಿ. ಚಪ್ಪಲಿ ಹೊರಗೆ ಬಿಟ್ಟು, ಕೆಳಗೆ ಕೂತು, ಚಹಾ ಕುಡಿದು ಬನ್ನಿ. ಆ ದಿನ ಸಭೆಯ ಮಾತೇ ಎತ್ತಬೇಡಿ. ಎರಡನೇ ಸಲ ಹೋದಾಗ ಅವರೇ ಕೇಳುತ್ತಾರೆ. ನಮ್ಮಲ್ಲಿ ಒಬ್ಬ ಗುರು ಒಂದು ವರ್ಷ ಯಾರನ್ನೂ ಕಳಿಸಲಿಲ್ಲ. ಆಮೇಲೊಂದು ಭಾನುವಾರ ತಾನೇ ಮುಂದಾಗಿ ಏಳು ಜನರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ನಾನು ಓಡಿಹೋಗಿ ಕೈ ಹಿಡಿದುಕೊಂಡೆ.

ಇನ್ನೊಂದು, ಫೋಟೊ. ಬಂದವರು ಕೂರುವ ಮೊದಲೇ ಮೊಬೈಲ್ ಎತ್ತಿ ಗುಂಪಿನ ಫೋಟೊ ತೆಗೆಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಊರಿನಲ್ಲಿ ಅಪ್ಪ ಅಮ್ಮನಿಗೆ ಗೊತ್ತಿಲ್ಲದವರು, ಕೆಲಸದ ಜಾಗದಲ್ಲಿ ಹೇಳದವರು ಬಂದಿರುತ್ತಾರೆ. ಒಂದು ಫೋಟೊ ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮಲ್ಲಿ ಹೀಗೊಂದು ಸಲ ಆಗಿ ಒಬ್ಬರು ಬಾಡಿಗೆ ಮನೆ ಬಿಡಬೇಕಾಯಿತು. ತಪ್ಪು ನಮ್ಮದೇ. ಅವರು ಮತ್ತೆ ಬರಲಿಲ್ಲ. ನನಗೆ ಇವತ್ತಿಗೂ ಅದರ ಸಂಕಟ ಇದೆ.

ಇದೆಲ್ಲ ಆದ ಮೇಲೆ ಮುಖ್ಯ ಮಾತು, ಕೆಲಸ ಹಂಚಿ. ನೀವು ಬರೆದ ರೀತಿ ನೋಡಿದರೆ ಬೀಗದ ಕೈ ನಿಮ್ಮ ಹತ್ತಿರ, ಲೆಕ್ಕ ನಿಮ್ಮ ಹತ್ತಿರ, ಮಾತಾಡುವವರೂ ನೀವೇ. ಉಳಿದವರು ಬಂದು ಕೇಳಿಸಿಕೊಂಡು ಹೋಗಬೇಕು. ಅದು ಯಾರಿಗೆ ಬೇಕು? ಬೀಗದ ಕೈ ಬೇರೆಯವರಿಗೆ ಕೊಡಿ. ಬೀಗದ ಕೈ ತಮ್ಮ ಹತ್ತಿರ ಇದೆ ಅಂದರೆ ಅವರು ಬಂದೇ ಬರುತ್ತಾರೆ, ಅರ್ಧ ಗಂಟೆ ಮುಂಚೆಯೇ ಬರುತ್ತಾರೆ. ಓದು ಬರಹ ಬಲ್ಲವರು ಒಬ್ಬರು ಅರ್ಜಿ ತುಂಬಿಕೊಡಲಿ. ರಾಜ್ಯ ಸರ್ಕಾರ ನಮ್ಮವರಿಗೆ ತಿಂಗಳು ತಿಂಗಳು ಕೊಡುವ ಮೈತ್ರಿ ಪಿಂಚಣಿಯನ್ನು 2024-25ರ ಬಜೆಟ್‌ನಲ್ಲಿ 800 ರೂಪಾಯಿಯಿಂದ 1200ಕ್ಕೆ ಏರಿಸಿದರು, ಆದರೆ ನಾಡಕಚೇರಿ ಬಾಗಿಲಿಗೆ ಒಬ್ಬರೇ ಹೋಗಲು ಹೆದರಿ ಅರ್ಜಿಯನ್ನೇ ಹಾಕದ ವಯಸ್ಸಾದವರು ನಿಮ್ಮ 60 ಜನರಲ್ಲೂ ಇರುತ್ತಾರೆ. ಅವರ ಜೊತೆ ಹೋಗುವುದೇ ಒಬ್ಬರ ಕೆಲಸ ಆಗಲಿ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಡಿಗ್ರಿ ಮಾಡಿದ ಹುಡುಗಿಯೊಬ್ಬಳಿಗೆ ಆ ಅಧಿಸೂಚನೆಗಳನ್ನು ನೋಡಿ ಗುಂಪಿಗೆ ಹೇಳುವ ಜವಾಬ್ದಾರಿ ವಹಿಸಿ. ಮಾತಿಗಿಂತ ಮನೆಗೆಲಸ ಚೆನ್ನಾಗಿ ಮಾಡುವವರು ಅಡುಗೆ ನೋಡಿಕೊಳ್ಳಲಿ.

ಮತ್ತೆ ಒಬ್ಬರು, ಬಾರದವರಿಗೆ ಫೋನ್ ಮಾಡಲಿ. 'ಯಾಕೆ ಬರಲಿಲ್ಲ' ಅನ್ನುವುದು ಬೇಡ. 'ಊಟ ಆಯ್ತಾ, ಹೇಗಿದ್ದೀರಿ' ಅಷ್ಟು ಸಾಕು. ನಮ್ಮಲ್ಲಿ ಇಂಥ ಒಂದು ಫೋನಿನಿಂದಲೇ ಒಬ್ಬರು ನಾಲ್ಕು ದಿನದಿಂದ ಬಾಗಿಲು ಹಾಕಿಕೊಂಡು ಮಲಗಿದ್ದಾರೆ ಅಂತ ಗೊತ್ತಾಯಿತು. ಬದುಕು ಸಾಕು ಅನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ತಡ ಮಾಡದೆ ಹೋಗಿ ಪಕ್ಕದಲ್ಲಿ ಕೂರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆರು ಜನ ಬರುತ್ತಾರೆ ಅಂದಿರಿ. ಆ ಆರು ಜನಕ್ಕೆ ಆರು ಕೆಲಸ ಕೊಡಿ, ಸದ್ಯಕ್ಕೆ 60 ಅನ್ನು ಮರೆಯಿರಿ.

ಪ್ರಶ್ನೆ: ನಾನು ಟ್ರಾನ್ಸ್ ಪುರುಷ. ಗುಂಪಿನಲ್ಲಿ ಎಲ್ಲರೂ ಟ್ರಾನ್ಸ್ ಮಹಿಳೆಯರೇ. ಒಳ್ಳೆಯವರು. ಆದರೆ ನನ್ನನ್ನೂ 'ಬಾರೇ, ಹೋಗೇ' ಅಂತಾರೆ. ನನಗೆ ಅಲ್ಲಿ ಜಾಗ ಇದೆಯಾ?

ಇದೆ. ಜಾಗ ಮಾಡಿಕೊಡಬೇಕಾದದ್ದು ನಮ್ಮ ಕರ್ತವ್ಯ ಕೂಡ. ನಮ್ಮ ಸಮುದಾಯದಲ್ಲಿ ಟ್ರಾನ್ಸ್ ಪುರುಷರ ಮಾತು ಕೇಳಿದ್ದು ಕಡಿಮೆ. ನಮಗೆ ಬೈದೋ ಹೊಗಳಿಯೋ ಊರು ನಮ್ಮನ್ನು ನೋಡುತ್ತದೆ, ನಿಮ್ಮನ್ನು ನೋಡುವುದೇ ಇಲ್ಲ. ಹೆಣ್ಣುಮಗು ಅಂತ ಮನೆಯೊಳಗೇ ಕೂಡಿಹಾಕಿರುತ್ತಾರೆ, ಮದುವೆ ಮಾಡಲು ಹೊರಡುತ್ತಾರೆ. ಮನೆ ಬಿಟ್ಟು ಬಂದರೆ ನಮಗೆ ಒಂದು ಹಮಾಮ್ ಇದೆ, ಹಿರಿಯರು ಸೇರುವ ಜಮಾತ್ ಇದೆ. ನಿಮಗೆ ಅದೂ ಇಲ್ಲ.

'ಬಾರೇ' ವಿಷಯ ಹೇಳುತ್ತೇನೆ. ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ. 'ನಾನು ಬಂದೆ' ಅನ್ನುವಾಗ ಗಂಡು ಹೆಣ್ಣು ಅಂತಿಲ್ಲ. 'ನೀನು ಬಂದೆ' ಅನ್ನುವಾಗಲೂ ಇಲ್ಲ. ಹಿಂದಿಯಲ್ಲಿ ನಾನು ಅನ್ನುವಾಗಲೇ ಆಯ್ಕೆ ಮಾಡಬೇಕು. ನಮಗೆ ತೊಡಕು ಬರುವುದು ಅವನು, ಅವಳು ಅನ್ನುವಾಗ, ಮತ್ತೆ ಈ 'ಕಣೋ, ಕಣೇ'ಯಲ್ಲಿ. ನಮ್ಮವರಿಗೆ 'ಕಣೇ' ಅನ್ನುವುದು ಎಷ್ಟೋ ವರ್ಷ ಹಂಬಲಿಸಿ ಪಡೆದ ಮಾತು, ಅದಕ್ಕೇ ಎಲ್ಲರಿಗೂ ಪ್ರೀತಿಯಿಂದ ಹಂಚುತ್ತಾರೆ. ನಿಮಗೆ ಅದೇ ಮಾತು ಚುಚ್ಚುತ್ತದೆ ಅಂತ ಅವರಿಗೆ ಹೊಳೆದಿರುವುದಿಲ್ಲ. ಹೇಳಿ. 'ನನ್ನನ್ನು ಕಣೋ ಅನ್ನಿ, ಇಲ್ಲದಿದ್ದರೆ ಬನ್ನಿ ಹೋಗಿ ಅನ್ನಿ' ಅಂತ ನೇರವಾಗಿ ಹೇಳಿ. ನಮ್ಮಲ್ಲಿ ಒಬ್ಬ ಹುಡುಗ ಹೀಗೆ ಹೇಳಿದ ದಿನ ಎಪ್ಪತ್ತರ ಹತ್ತಿರದ ಅಮ್ಮ ಒಬ್ಬರು ಕೆನ್ನೆ ಕೆನ್ನೆ ಬಡಿದುಕೊಂಡು, 'ಅಯ್ಯೋ ನನ್ನಪ್ಪಾ, ಗೊತ್ತಾಗ್ಲಿಲ್ವಲ್ಲೋ' ಅಂದರು. ಆಮೇಲೆ ತಪ್ಪಿದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ನಿಮ್ಮಂಥವರು ಇನ್ನೊಬ್ಬರು ಸಿಕ್ಕರೂ ಸಾಕು, ತಿಂಗಳಿಗೆ ಒಂದು ಗಂಟೆ ನಿಮ್ಮದೇ ಮಾತಿಗೆ ಬೇರೆಯಾಗಿ ಕೇಳಿ. ಎದೆ ಬಿಗಿಯಾಗಿ ಕಟ್ಟುವ ಬೈಂಡರ್, ಹಾರ್ಮೋನು, ತಿಂಗಳ ಮುಟ್ಟಿನ ದಿನಗಳ ಸಂಕಟ, ಇವನ್ನೆಲ್ಲ ನಮ್ಮ ಮುಂದೆ ಹೇಳಲು ಕಷ್ಟ ಆಗುತ್ತದೆ ಅಲ್ವಾ?

ಪ್ರಶ್ನೆ: ನನ್ನ ಮಗ ಪ್ರತಿ ತಿಂಗಳು ಇಂಥ ಒಂದು ಗುಂಪಿಗೆ ಹೋಗುತ್ತಾನೆ ಅಂತ ಈಚೆಗೆ ಗೊತ್ತಾಯಿತು. ವಯಸ್ಸು 19. ಅಲ್ಲಿಗೆ ಹೋದರೆ ಅವನನ್ನು ಅವರಂತೆ ಮಾಡಿಬಿಡುತ್ತಾರೆ ಅಂತ ಭಯ. ನಿಲ್ಲಿಸಲೇ?

ತಾಯಿ, ನಿಲ್ಲಿಸಬೇಡಿ. ಯಾರೂ ಯಾರನ್ನೂ ಹೀಗೆ ಮಾಡಲು ಆಗುವುದಿಲ್ಲ. ನಾನು ಏಳನೇ ವಯಸ್ಸಿಗೇ ಅಕ್ಕನ ಲಂಗ ಉಟ್ಟು ಕನ್ನಡಿ ಮುಂದೆ ನಿಂತವಳು. ಆಗ ನಮ್ಮ ಊರಿನಲ್ಲಿ ಯಾವ ಗುಂಪೂ ಇರಲಿಲ್ಲ. ನಿಮ್ಮ ಮಗು ಅಲ್ಲಿಗೆ ಹೋಗುವುದು, ತನ್ನಂಥವರು ಇನ್ನೂ ಇದ್ದಾರೆ ಅಂತ ನೋಡಲು. ಮನೆಯಲ್ಲಿ ಹೇಳಲು ಆಗದ್ದನ್ನು ಅಲ್ಲಿ ಹೇಳಿ ಹಗುರಾಗಿ ಮನೆಗೇ ವಾಪಸ್ ಬರುತ್ತದೆ ನೋಡಿ. ಅದೇ ದೊಡ್ಡದು. ಬಾಗಿಲು ಮುಚ್ಚಿದರೆ ವಾಪಸ್ ಬಾರದೆ ಹೋದಾರು, ನಾವೆಲ್ಲ ಹಾಗೆ ಹೋದವರೇ.

ಮಂಜಮ್ಮ ಜೋಗತಿ ಅವರ ಹೆಸರು ಕೇಳಿರುತ್ತೀರಿ. ಮನೆ ಬಿಟ್ಟು ಭಿಕ್ಷೆ ಬೇಡಿದವರು, ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿದರಲ್ಲ, ಅದನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಅತ್ತೆವು. ಅವರಿಗೆ ಬಿದ್ದ ಕಷ್ಟ ನಿಮ್ಮ ಮಗುವಿಗೆ ಬೀಳುವುದು ಬೇಡ ಅನ್ನುವುದಷ್ಟೇ ನನ್ನ ಆಸೆ.

ಮಗುವನ್ನು ಕೇಳಿ, 'ನಾನೂ ಒಂದ್ಸಲ ಬರಲಾ?' ಅಂತ. ಬೇಡ ಅಂದರೆ ಬಲವಂತ ಬೇಡ. ಹೂಂ ಅಂದರೆ ಬನ್ನಿ. ನಮ್ಮ ಗುಂಪಿಗೆ ಒಬ್ಬ ತಾಯಿ ಬರುತ್ತಾರೆ. ಮೊದಲ ದಿನ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದರು, ಈಗ ಅಮ್ಮಂದಿರು ಯಾರಾದರೂ ಹೊಸದಾಗಿ ಬಂದರೆ ಮಾತಾಡಿಸುವ ಕೆಲಸ ಅವರದೇ.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕಿ, ಟ್ರಾನ್ಸ್ ಅಲ್ಲ. ಗುಂಪಿಗೆ ಬಂದು ಭಾಷಣ ಮಾಡಿ ಪ್ರೋತ್ಸಾಹ ಕೊಡಬಹುದಾ?

ನಿಮ್ಮ ಮನಸ್ಸು ದೊಡ್ಡದು. ಭಾಷಣ ಮಾತ್ರ ಬೇಡ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟವರು ಜಾಸ್ತಿ, ತರಗತಿಯಲ್ಲಿ ಆಡಿಕೊಂಡು ನಕ್ಕಿದ್ದಕ್ಕೆ ಬಿಟ್ಟವರು. ಮತ್ತೆ ಓದಬೇಕು ಅಂತ ಮೂರ್ನಾಲ್ಕು ಜನ ಕೇಳುತ್ತಲೇ ಇರುತ್ತಾರೆ. ವಾರಕ್ಕೆ ಒಂದು ಗಂಟೆ ಅವರಿಗೆ ಪಾಠ ಹೇಳಿಕೊಡಲು ಆಗುತ್ತದಾ? ಆಗುತ್ತದೆ ಅಂದರೆ ನಿಮ್ಮ ಊರಿನ ಗುಂಪಿಗೆ ಹೋಗಿ ಹಾಗೇ ಹೇಳಿ. ಹತ್ತನೇ ತರಗತಿಯ ಗಣಿತ ಪುಸ್ತಕ ಒಂದು ಜೊತೆಗಿರಲಿ, ಅವರು ಮೊದಲು ಕೇಳುವುದು ಅದನ್ನೇ.