ರೂಮಿನಲ್ಲೇ ಪ್ರಾರ್ಥನೆ ಮಾಡುವವರಿಗೆ ಭಾನುವಾರದ ಆರಾಧನೆ ಯಾಕೆ ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಚರ್ಚಿಗೆ ಹೋಗುವುದು ತಪ್ಪಿದೆ. ರೂಮಿನಲ್ಲೇ ಪ್ರಾರ್ಥಿಸುತ್ತೀರಿ, ಮೊಬೈಲಿನಲ್ಲಿ ಪ್ರಸಂಗ ಕೇಳುತ್ತೀರಿ. ಅಪರೂಪಕ್ಕೆ ಹೋದರೂ ಮನಸ್ಸಿಗೆ ಏನೂ ಅನ್ನಿಸುವುದಿಲ್ಲ. ಹೀಗಿರುವಾಗ ಕ್ರೈಸ್ತ ಜೀವನಕ್ಕೆ ಆರಾಧನೆ ಅಷ್ಟು ಮುಖ್ಯವೇ?

ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯ ಆರಾಧನಾ ಕ್ರಮವನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಕಥೋಲಿಕರ ಬಲಿಪೂಜೆಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಒಬ್ಬರೇ ಪ್ರಾರ್ಥಿಸುವಾಗ ನಮಗೆ ಬೇಕಾದದ್ದು ಮಾತ್ರ ಉಳಿದುಕೊಳ್ಳುತ್ತದೆ, ಬೇಡದ್ದು ತಾನಾಗಿ ಬಿಟ್ಟುಹೋಗುತ್ತದೆ. ಕೆಲಸ, ಆರೋಗ್ಯ, ಮನೆಯವರು, ಇಎಂಐ ಎಲ್ಲ ಪ್ರಾರ್ಥನೆಯಲ್ಲಿ ಬರುತ್ತವೆ. ಮಾತು ಬಿಟ್ಟ ಅಣ್ಣನ ಹೆಸರು, ಕೈಯಾರೆ ಮಾಡಿದ ಅನ್ಯಾಯ, ಗುರುತೇ ಇಲ್ಲದ ಕೈದಿಯ ಗೋಳು ಬರುವುದಿಲ್ಲ. ಪ್ರಸಂಗವೂ ಅಷ್ಟೆ. ಕೇಳುವವರು ನೀವು, ಆರಿಸುವವರೂ ನೀವೇ; ಚುಚ್ಚಿದರೆ ಬೆರಳಾಡಿಸಿ ಮುಂದಕ್ಕೆ ಹೋಗಬಹುದು. ಸಭೆಯ ಆರಾಧನೆಯಲ್ಲಿ ಆ ಆಯ್ಕೆ ನಮ್ಮ ಕೈಯಲ್ಲಿರುವುದಿಲ್ಲ. ಅದು ಬೇಕಾಗಿರುವುದು ಮುಖ್ಯವಾಗಿ ಇದಕ್ಕೇ ಎಂದು ನನ್ನ ಅಭಿಪ್ರಾಯ.

ಕ್ರಮವನ್ನೇ ನೋಡಿ. ಶುರುವಿನಲ್ಲಿ ದೇವರ ಸ್ತುತಿ, ಆಮೇಲೆ ಪಾಪದ ಅರಿಕೆ, ಕ್ಷಮೆಯ ಮಾತು. ಬೈಬಲಿನ ಯೆಶಾಯ ಪುಸ್ತಕದ 6ನೇ ಅಧ್ಯಾಯದಲ್ಲಿ ನಡೆಯುವುದೂ ಇದೇ ಸಾಲಿನಲ್ಲಿ: ಪ್ರವಾದಿ ಮೊದಲು ದೇವರ ಮಹಿಮೆಯನ್ನು ಕಾಣುತ್ತಾನೆ, ಕಂಡಮೇಲೆ ತನ್ನ ತುಟಿಗಳು ಅಶುದ್ಧವೆಂದು ಅವನಿಗೆ ತಿಳಿಯುತ್ತದೆ, ಆ ತುಟಿಗಳಿಗೆ ಕೆಂಡ ಮುಟ್ಟಿಸಿ ಪಾಪ ತೊಡೆದ ಮೇಲೆ 'ಯಾರನ್ನು ಕಳುಹಿಸಲಿ' ಎಂಬ ಕರೆ. ಮನೆಯಲ್ಲಿ ಹೆಚ್ಚಿನವರು ನೇರವಾಗಿ ಬೇಡಿಕೆಗೆ ಇಳಿಯುತ್ತಾರೆ. ಅರಿಕೆಯಲ್ಲಿ 'ನಾವು' ಎಂದು ಹೇಳಿಸುವುದನ್ನೂ ಗಮನಿಸಿ. ಪ್ರವಾದಿಯೂ ತನ್ನ ಜನರ ಅಶುದ್ಧ ತುಟಿಗಳನ್ನು ಸೇರಿಸಿಯೇ ಅರಿಕೆಮಾಡಿದ.

ಬಳಿಕ ಪಾಠಗಳು: ಹಳೇ ಒಡಂಬಡಿಕೆ, ಪತ್ರಿಕೆ (ಅಪೊಸ್ತಲರು ಸಭೆಗಳಿಗೆ ಬರೆದ ಪತ್ರ), ಸುವಾರ್ತೆ (ಯೇಸುವಿನ ಚರಿತ್ರೆ). ಯಾವ ಭಾನುವಾರ ಯಾವ ಭಾಗ ಎಂಬುದನ್ನು ಸಿ.ಎಸ್.ಐ. ಅಲ್ಮನಾಕ್ (ಸಭೆಯ ವಾರ್ಷಿಕ ಪಂಚಾಂಗ) ಮೊದಲೇ ಗೊತ್ತುಮಾಡಿರುತ್ತದೆ. ಅಯ್ಯನವರಿಗೆ (ಸಭೆಯ ಪಾದ್ರಿಗೆ) ಇಷ್ಟವಿದ್ದರೂ ಇಲ್ಲದಿದ್ದರೂ ಆ ಭಾಗವನ್ನು ಓದಲೇಬೇಕು. ಹಾಗಾಗಿಯೇ ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯದಂಥ ಮಾತುಗಳು ಸಭೆಯ ಕಿವಿಗೆ ಬೀಳುತ್ತವೆ. ಅಲ್ಲಿ ನ್ಯಾಯವಿಲ್ಲದವರ ಹಬ್ಬ, ಹಾಡು ತನಗೆ ಬೇಡ ಎಂದು ದೇವರೇ ಹೇಳುತ್ತಾನೆ. ಆರಾಧನೆಯೊಂದೇ ಸಾಕು ಎಂದುಕೊಳ್ಳುವವರಿಗೆ ಆರಾಧನೆಯ ಮಧ್ಯದಲ್ಲೇ ಸಿಗುವ ಉತ್ತರ ಅದು.

ಪ್ರಭುಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಇರುವ ಭಾನುವಾರ ಕಾಣಿಕೆಗೆ ಮುಂಚೆ ಸಮಾಧಾನ ಹಂಚಿಕೊಳ್ಳುತ್ತಾರಲ್ಲ, ಅದನ್ನು ಶಿಷ್ಟಾಚಾರ ಎಂದುಕೊಳ್ಳಬೇಡಿ. ಬಲಗೈಗೆ ಬಲಗೈ ಜೋಡಿಸಿ, ಎಡಗೈಯನ್ನು ಇನ್ನೊಬ್ಬರ ಬಲಗೈ ಮೇಲೆ ಮುಚ್ಚುವ ಈ ಪದ್ಧತಿ ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದದ್ದು. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಹಿನ್ನೆಲೆಯ ಸಭೆಗಳು ಕೂಡಿ ಸಿ.ಎಸ್.ಐ. ಆದ ಮೇಲೆ, 1950ರಲ್ಲಿ ಬಂದ ಹೊಸ ಆರಾಧನಾ ಕ್ರಮ ಅದಕ್ಕೆ ಜಾಗ ಕೊಟ್ಟಿತು. ಕಾಣಿಕೆಗೆ ಮುಂಚೆಯೇ ಏಕೆಂದರೆ ಮತ್ತಾಯ 5:23–24: ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಂದಿಗೆ ರಾಜಿಯಾಗು. ತಪ್ಪುವುದೂ ಇಲ್ಲೇ. ಪಕ್ಕದಲ್ಲಿರುವ ಗೆಳೆಯರಿಗೆ ನಗುತ್ತಾ ಕೈ ಕೊಟ್ಟು, ಜಾಗದ ತಕರಾರಿರುವ ದಾಯಾದಿ ಕೂತ ಬೆಂಚಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲ ಶತಮಾನದ ಕೊರಿಂಥ ಪಟ್ಟಣದ ಸಭೆಯ ಊಟದಲ್ಲಿಯೂ ಇಂಥದ್ದೇ ಆಯಿತು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬನಿಗೆ ಕುಡಿದು ಅಮಲೇರಿರುತ್ತಿತ್ತು. ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಖಂಡಿಸಿದ (1 ಕೊರಿಂಥ 11).

ಇದೆಲ್ಲ ಆಮೇಲೆ ಬಂದ ಪಾದ್ರಿಗಳ ಕಟ್ಟುಪಾಡು ಎನ್ನುವವರೂ ಇದ್ದಾರೆ. ಆದರೆ ಸುಮಾರು ಕ್ರಿ.ಶ. 155ರಲ್ಲೇ ಜಸ್ಟಿನ್ ಎಂಬ ಕ್ರೈಸ್ತ, ರೋಮ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಕೂಟವನ್ನು ವಿವರಿಸುತ್ತಾನೆ: ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ, ಸಮಯವಿದ್ದಷ್ಟು ಹೊತ್ತು ಅಪೊಸ್ತಲರ ಅಥವಾ ಪ್ರವಾದಿಗಳ ಬರಹ ಓದುತ್ತಾರೆ, ಮುಖ್ಯಸ್ಥ ಬುದ್ಧಿ ಹೇಳುತ್ತಾನೆ, ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ, ರೊಟ್ಟಿ ದ್ರಾಕ್ಷಾರಸ ತರುತ್ತಾರೆ, ಜನ 'ಆಮೆನ್' ಎನ್ನುತ್ತಾರೆ. ಬರಲಾಗದವರಿಗೆ ಅವರ ಪಾಲನ್ನು ಸಭಾಸೇವಕರು ಒಯ್ದು ಕೊಡುತ್ತಾರೆ. ಕೂಡಿಬಂದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತದೆ. ಆಗ ಅವರಿಗೆ ಭಾನುವಾರ ರಜೆಯೂ ಇರಲಿಲ್ಲ. ರೋಮ್ ಸಾಮ್ರಾಜ್ಯದಲ್ಲಿ ಅದು ಬಂದದ್ದು 321ರಲ್ಲಿ.

ಇನ್ನು 'ಏನೂ ಅನ್ನಿಸುವುದಿಲ್ಲ' ಎಂಬ ಮಾತು. 73ನೇ ಕೀರ್ತನೆ ಓದಿ. ಕೆಟ್ಟವರು ಕೊಬ್ಬಿ ಬೆಳೆಯುವುದನ್ನು ಕಂಡು ಅದನ್ನು ಹಾಡಿದ ಆಸಾಫನಿಗೆ ಹೊಟ್ಟೆಕಿಚ್ಚು. ತಾನು ಶುದ್ಧವಾಗಿದ್ದೇ ವ್ಯರ್ಥವಾಯಿತೆಂಬ ಬೇಸರ. ದೇವಾಲಯಕ್ಕೆ ಹೋದದ್ದು ಆ ಬೇಸರ ಹೊತ್ತುಕೊಂಡೇ. ಕಣ್ಣು ತೆರೆದದ್ದು ಒಳಗೆ ಹೋದಮೇಲೆ, 17ನೇ ವಚನದಲ್ಲಿ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಾಟವೇ; 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ನಿಮಗೆ ಅಳು ಇಲ್ಲದ ವಾರ ಅಳುವವರ ಜೊತೆ ಅದನ್ನು ಓದುತ್ತೀರಿ, ನಿಮ್ಮ ನಂಬಿಕೆ ಸೊರಗಿದ ವಾರ ಪಕ್ಕದವರು ನಿಮ್ಮ ಪರವಾಗಿ ವಿಶ್ವಾಸ ಪ್ರಮಾಣ ಹೇಳುತ್ತಾರೆ. ಬರೀ ಕುಣಿತದ ಹಾಡುಗಳಿಂದ ಭಾನುವಾರ ತುಂಬಿಸುವ ಸಭೆಗಳ ಬಗ್ಗೆ ನನ್ನ ತಕರಾರು ಇದೇ: ಸಾವಾದ ಮನೆಯವರಿಗೆ ಅಲ್ಲಿ ಬಾಯಿ ತೆರೆಯಲು ಒಂದು ಸಾಲೂ ಇರುವುದಿಲ್ಲ.

ಹಾಗೆಂದು ತಪ್ಪೆಲ್ಲ ನಿಮ್ಮ ಮನಸ್ಸಿನದೇ ಅಲ್ಲ, ಆರಾಧನೆ ನಡೆಸುವವರದೂ ಇರುತ್ತದೆ. ಕೀಬೋರ್ಡಿನವರು ಶ್ರುತಿ ಏರಿಸಿಟ್ಟರೆ ಎರಡನೇ ಚರಣಕ್ಕೆ ಗಂಡಸರ ದನಿ ನಿಂತುಹೋಗುತ್ತದೆ. ಟ್ರಾನ್ಸ್‌ಪೋಸ್ ಗುಂಡಿಯಲ್ಲಿ ಎರಡು ಹೆಜ್ಜೆ ಇಳಿಸಿದರೆ ಸಭೆ ಹಾಡುತ್ತದೆ. ಹಾಡುಗಾರರ ಮೈಕು ಸಭೆಯ ದನಿಯನ್ನು ಮುಚ್ಚಬಾರದು. ಹೊಸ ಹಾಡು ತಿಂಗಳಿಗೊಂದು ಸಾಕು, ಅದನ್ನೂ ಆರಾಧನೆ ಶುರುವಾಗುವ ಮೊದಲೇ ಕಲಿಸಬೇಕು. ಪಾಠ ಓದುವವರಿಗೆ ಬಾಗಿಲಲ್ಲಿ ಚೀಟಿ ಕೊಟ್ಟರೆ ನೆಬೂಕದ್ನೆಚ್ಚರನಂಥ ಉದ್ದ ಹೆಸರಿನ ಹತ್ತಿರ ಎಡವುತ್ತಾರೆ, ಅರ್ಥವೂ ಅಲ್ಲೇ ಬೀಳುತ್ತದೆ. ಶನಿವಾರವೇ ಗಟ್ಟಿಯಾಗಿ ಎರಡು ಸಲ ಓದಿಕೊಂಡು ಬರಲಿ. ಇತರರಿಗಾಗಿ ಮಾಡುವ ವಿಜ್ಞಾಪನೆಗೆ ಐದು ವಿಷಯ ಧಾರಾಳ: ಸಭೆ, ಆಳುವವರು, ಊರಿನ ಕಷ್ಟ, ರೋಗಿಗಳು, ದುಃಖದಲ್ಲಿರುವವರು. ಒಂದೊಂದಕ್ಕೆ ಎರಡು ವಾಕ್ಯ, ಸ್ವಲ್ಪ ಮೌನ, ಸಭೆಯ ಮರುನುಡಿ. ನಾಲ್ಕೈದು ನಿಮಿಷ ದಾಟಿದರೆ ಅದು ಎರಡನೇ ಪ್ರಸಂಗವಾಗುತ್ತದೆ. 'ಮುಂದಿನ ಶನಿವಾರ ಸಂಜೆ ಐದಕ್ಕೆ ಸ್ತ್ರೀಯರ ಕೂಟ ಇದೆಯೆಂದು ಬಲ್ಲ ಕರ್ತನೇ' ಎಂಬ ಪ್ರಾರ್ಥನೆಗಳೂ ಉಂಟು. ಕರ್ತನಿಗೆ ಪ್ರಕಟಣೆಯ ಅಗತ್ಯವಿಲ್ಲ.

ಮತ್ತೆ ಹೋಗಲು ಶುರುಮಾಡುವುದಾದರೆ ಮನೆಗೆ ಹತ್ತಿರದ, ನಿಮಗೆ ಅರ್ಥವಾಗುವ ಭಾಷೆಯ ಒಂದು ಸಭೆಯನ್ನು ಆರಿಸಿ. ವಾರಕ್ಕೊಂದು ಚರ್ಚು ನೋಡಿಬರುವವರು ಕೊನೆಯವರೆಗೂ ಪ್ರೇಕ್ಷಕರಾಗಿಯೇ ಇರುತ್ತಾರೆ. ಮೂರು ತಿಂಗಳು ಅದೊಂದನ್ನೇ ಹಿಡಿಯಿರಿ, ಅಷ್ಟರಲ್ಲಿ ಕ್ರಮ ಬಾಯಿಗೆ ಬರುತ್ತದೆ, ಪುಸ್ತಕ ಹುಡುಕುವ ಗಡಿಬಿಡಿ ತಪ್ಪಿ ಹೇಳುವ ಮಾತಿನ ಕಡೆ ಮನಸ್ಸು ಹೋಗುತ್ತದೆ. ಶನಿವಾರ ರಾತ್ರಿ ಮೂರು ಪಾಠಗಳನ್ನು ಓದಿ, ಯಾರೊಂದಿಗೆ ರಾಜಿಯಾಗಬೇಕು ಎಂದು ಒಂದು ಹೆಸರನ್ನಾದರೂ ನೆನೆಯಿರಿ. ಹತ್ತು ನಿಮಿಷ ಮುಂಚೆ ಹೋಗಿ ಕೂತುಕೊಳ್ಳಿ. ಮುಂದಿನ ಅರ್ಧದಲ್ಲಿ ಕೂತರೆ ಸುತ್ತ ಹಾಡುವವರ ದನಿ ನಿಮ್ಮನ್ನೂ ಎತ್ತುತ್ತದೆ, ಕೊನೆಯ ಬೆಂಚಿನಲ್ಲಿ ಫೋನು ಎತ್ತಿಕೊಳ್ಳುವುದು ಸುಲಭ. ರೂಮಿನ ಪ್ರಾರ್ಥನೆ ಬಿಡಬೇಡಿ, ಅದಕ್ಕೂ ಇದೇ ಕ್ರಮ ಕೊಡಿ: ಒಂದು ಕೀರ್ತನೆ, ಅರಿಕೆ, ಸುವಾರ್ತೆಯ ಒಂದು ಭಾಗ, ಬೇರೆಯವರಿಗಾಗಿ ಪ್ರಾರ್ಥನೆ, ಆಮೇಲೆ ನಿಮ್ಮ ಬೇಡಿಕೆ, ಕೊನೆಗೆ ಕರ್ತನ ಪ್ರಾರ್ಥನೆ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಭಾನುವಾರ ಬೆಳಿಗ್ಗೆ ಶಿಫ್ಟ್ ಇದ್ದರೆ ಸಂಜೆಯ ಆರಾಧನೆ ಇರುವ ಸಭೆ ಹುಡುಕಿ, ನಗರಗಳಲ್ಲಿ ಸಿಗುತ್ತದೆ. ಕಾಯಿಲೆಯಿಂದ ಹೊರಗೆ ಹೋಗಲು ಆಗದವರು ಅಯ್ಯನವರಿಗೆ ಒಂದು ಫೋನ್ ಮಾಡಿ ಮನೆಗೇ ಪ್ರಭುಭೋಜನ ತರಲು ಕೇಳಬಹುದು. ಸಂಕೋಚ ಬೇಡ, ಅದು ಅವರ ಕೆಲಸವೇ.