ನೆಲ್ಲಿಕಾಯಿ ಬೂಷ್ಟು, ಹತ್ತು ಕೆಜಿ ಟೊಮೇಟೊ, ಬೇಲಿ ತುಂಬ ಅವರೆ: ನೀವು ಕೇಳಿದ್ದಕ್ಕೆ

ಅಕ್ಕಾ, ನಿಮ್ಮ ಜಾಡಿಯ ಫೋಟೊ ನೋಡಿದೆ. ಹತ್ತೇ ದಿನಕ್ಕೆ ನೆಲ್ಲಿಕಾಯಿ ಉಪ್ಪಿನಕಾಯಿ ಮೇಲೆ ಹಸಿರು ಬೂಷ್ಟು ಬಂದಿದೆ, ಮೇಲಿನ ಪದರ ತೆಗೆದು ಉಳಿದದ್ದು ತಿನ್ನಬಹುದಾ ಅಂತ ಕೇಳಿದ್ದೀರಿ. ಬೇಡ, ಚೆಲ್ಲಿಬಿಡಿ. ಎರಡು ಕೆಜಿ ಕಾಯಿ, ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಬೂಷ್ಟು ಕಣ್ಣಿಗೆ ಕಾಣುವುದು ಮೇಲೆ ಮಾತ್ರ, ಅದರ ಎಳೆ ಒಳಗೆ ಎಷ್ಟು ಇಳಿದಿದೆಯೋ ಹೇಳಲಾಗುವುದಿಲ್ಲ. ಉಪ್ಪುನೀರಿನಲ್ಲಿ ಹಾಕಿದ ಕಾಯಿಯ ಮೇಲೆ ಕೆಲವೊಮ್ಮೆ ತೆಳ್ಳಗೆ ಬಿಳಿ ಪೊರೆ ಕಟ್ಟುತ್ತದೆ, ಅದು ಬೇರೆ. ನಿಮ್ಮದು ನಯವಾದ ಪೊರೆ ಅಲ್ಲ, ಕೂದಲು ಕೂದಲಾಗಿದೆ.

ಎಲ್ಲಿ ತಪ್ಪಿತು ಅನ್ನುವುದು ನೀವು ಬರೆದದ್ದರಲ್ಲೇ ಇದೆ. ಕಾಯಿ ತೊಳೆದು, ಒಂದು ಗಂಟೆ ಬಿಸಿಲಿಗಿಟ್ಟು ಹೆಚ್ಚಿದಿರಿ. ಯಜಮಾನರಿಗೆ ಬಿಪಿ ಅಂತ ಕೆಜಿಗೆ ಮೂರು ಚಮಚ ಉಪ್ಪು ಹಾಕಿದಿರಿ. ಈ ಎರಡರಲ್ಲಿ ಒಂದು ಸಾಕಿತ್ತು ಕೆಡಲಿಕ್ಕೆ! ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗೆ ಮಾತ್ರ ಅಲ್ಲ, ಹೋಳಿನ ನೀರನ್ನು ಕಟ್ಟಿಹಾಕುವುದು ಅದೇ. ನಾನು ಒಂದು ಕೆಜಿ ಹೋಳಿಗೆ 180 ಗ್ರಾಂ ಕಲ್ಲುಪ್ಪು ತೂಗಿ ಹಾಕುತ್ತೇನೆ. ಚಮಚದ ಲೆಕ್ಕ ಬೇಡ, ಕಲ್ಲುಪ್ಪಿಗೂ ಪುಡಿ ಉಪ್ಪಿಗೂ ಚಮಚದಲ್ಲಿ ತೂಕ ಬೇರೆ ಬೇರೆ. ಬಿಪಿ ಇರುವ ಮನೆಯಲ್ಲಿ ಉಪ್ಪು ಕಡಿಮೆ ಮಾಡಲೇಬೇಕು ಅಂದರೆ ಕಾಲು ಕೆಜಿ ಮಾತ್ರ ಮಾಡಿ, ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಅದು ದಿಢೀರ್ ಉಪ್ಪಿನಕಾಯಿ ಆಯಿತು, ವರ್ಷದ್ದಲ್ಲ.

ಮತ್ತೆ ಮಾಡಿದಾಗ ಹೀಗೆ ಮಾಡಿ ನೋಡಿ. ತೊಳೆದ ಕಾಯನ್ನು ಒಂದೊಂದೇ ಒರೆಸಿ. ಹಳೆ ಪಂಚೆ ಮೇಲೆ ಹರಡಿ ರಾತ್ರಿಯಿಡೀ ಫ್ಯಾನ್ ಕೆಳಗೆ ಬಿಡಿ. ತೊಟ್ಟು ಕಿತ್ತ ಜಾಗದಲ್ಲಿ ಒಂದು ಸಣ್ಣ ಗುಳಿ ಇರುತ್ತದಲ್ಲ, ನೀರು ಅಡಗಿ ಕೂರುವುದು ಅಲ್ಲೇ. ಬೆಳಿಗ್ಗೆ ಬೆರಳು ಒತ್ತಿ ನೋಡಿ, ತಣ್ಣಗೆ ಅಂಟಿದರೆ ಇನ್ನೂ ಹೊತ್ತು ಬೇಕು. ಜಾಡಿಯನ್ನೂ ಬಿಸಿನೀರಿನಲ್ಲಿ ತೊಳೆದು ಹೀಗೇ ಒಣಗಿಸಿ. ಖಾರ, ಸಾಸಿವೆ, ಮೆಂತ್ಯ ನಿಮ್ಮ ಮನೆ ಲೆಕ್ಕದಲ್ಲೇ ಇರಲಿ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಎಳ್ಳೆಣ್ಣೆ ಕಾಯಿಸಿ ಆರಿಸಿ ಸುರಿಯಿರಿ, ಹೋಳಿನ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಬೇಕು. ಎರಡು ದಿನಕ್ಕೆ ಹೋಳು ಎಣ್ಣೆ ಕುಡಿದು ತಲೆ ಎತ್ತುತ್ತದೆ, ಆಗ ಮತ್ತೆ ಸುರಿಯಿರಿ. ಕಬ್ಬಿಣದ ಬಾಣಲೆ ಮಾತ್ರ ಬೇಡ, ನೆಲ್ಲಿಕಾಯಿ ಕಪ್ಪಾಗುತ್ತದೆ.

ಬಿಸಿಲಿಗಿಟ್ಟೆ ಅಂದಿರಲ್ಲ, ಅದೇ ದೊಡ್ಡ ವಿಷಯ. ಬೆಂಗಳೂರಿನಲ್ಲಿ ಕಡಲೆಕಾಯಿ ಪರಿಷೆಯಿಂದ ಸಂಕ್ರಾಂತಿವರೆಗೆ ಬಿಸಿಲನ್ನು ನಂಬಿ ಏನನ್ನೂ ಒಣಗಿಸಬೇಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ನಮ್ಮ ತಾರಸಿ ಮೇಲೆ ಮೂರು ದಿನ ಮೋಡ, ಜಿಟಿಜಿಟಿ ಮಳೆ. ಮೋಡ ಇಲ್ಲದ ದಿನವೂ ಬೆಳಿಗ್ಗೆ ಒಂಬತ್ತರವರೆಗೆ ಇಬ್ಬನಿ. ನಾನೂ ಒಂದು ವರ್ಷ ಕಾರ್ತಿಕದಲ್ಲೇ ಬೂದುಗುಂಬಳ ಸಂಡಿಗೆ ಇಟ್ಟೆ. ಮೊದಲ ದಿನ ಬಿಸಿಲು ಚೆನ್ನಾಗಿತ್ತು. ಮಾರನೇ ದಿನದಿಂದ ಮೋಡ. ತಟ್ಟೆಗಳನ್ನು ಒಳಗೆ ತಂದು ಫ್ಯಾನ್ ಹಾಕಿದೆ. ನಾಲ್ಕನೇ ದಿನ ಸಂಡಿಗೆ ಲೋಳೆ ಲೋಳೆ, ಅಲ್ಲಲ್ಲಿ ಗುಲಾಬಿ ಬಣ್ಣದ ಚುಕ್ಕೆ, ಹುಳಿ ವಾಸನೆ. "ಶಿವರಾತ್ರಿ ಆಗಲಿ ಅಂದೆ, ನನ್ನ ಮಾತು ಯಾರು ಕೇಳ್ತೀರಿ" ಅಂದರು ನಮ್ಮತ್ತೆ. ಹದಿನೈದು ದಿನ ಅದೇ ಮಾತು.

ನಿಮ್ಮ ಬೂದುಗುಂಬಳಕ್ಕೆ ಅವಸರವೇನೂ ಇಲ್ಲ. ತೊಟ್ಟು ಎರಡು ಇಂಚು ಬಿಟ್ಟು ಕೊಯ್ಯಿರಿ. ತೊಳೆಯಬೇಡಿ, ಮೇಲಿನ ಬೂದಿಯೇ ಅದಕ್ಕೆ ಕಾವಲು. ಒಣಹುಲ್ಲಿನ ಮೇಲೆ, ಒಂದಕ್ಕೊಂದು ತಾಗದ ಹಾಗೆ ಇಡಿ. ಪೆಟ್ಟು ಬೀಳದ ಬಲಿತ ಕಾಯಿ ಶಿವರಾತ್ರಿವರೆಗೆ ಆರಾಮಾಗಿ ಇರುತ್ತದೆ. ಸಂಡಿಗೆ ಆಗ ಇಡಿ.

ಟೊಮೇಟೊಗೆ ನನ್ನ ದಾರಿ ತೊಕ್ಕು. ಹುಣಸೆಹಣ್ಣು ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ ಫ್ರಿಜ್ಜಿನಲ್ಲಿಡುತ್ತೇನೆ. ನೀವು ಬಾಟಲಿಯಲ್ಲಿ ಮುಚ್ಚಿ ಹೊರಗೇ ಇಡಬೇಕು ಅಂತೀರಿ. ಮಾಡಬಹುದು, ಆದರೆ ಎರಡು ವಿಷಯ ಬಿಡಬಾರದು. ಈಗಿನ ಟೊಮೇಟೊದಲ್ಲಿ ಹುಳಿ ಸಾಕಾಗುವುದಿಲ್ಲ, ಹಾಗಾಗಿ ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು (ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್) ಹಾಕಲೇಬೇಕು. ಇನ್ನೊಂದು, ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ವಿಡಿಯೊದಲ್ಲಿ ತುಂಬಿದ ಬಾಟಲಿಯನ್ನು ನೀರಿನಲ್ಲಿ 35 ನಿಮಿಷ ಕುದಿಸಿ ಅಂತ ಹೇಳಿದ್ದರೆ ಅದು ಸಮುದ್ರಮಟ್ಟದ ಊರಿನ ಲೆಕ್ಕ. ಬಾಟಲಿ ಪೂರ್ತಿ ಮುಳುಗಿಸಿ, ನೀರು ತಳಮಳ ಕುದಿಯಲು ಶುರುವಾದ ಮೇಲೆ 45 ನಿಮಿಷ ಲೆಕ್ಕ ಹಾಕಿ. ಹಳೆ ಜಾಮ್ ಬಾಟಲಿಯ ಮುಚ್ಚಳ ಗಾಳಿ ತಡೆಯುವುದಿಲ್ಲ, ಅದಕ್ಕೆಂದೇ ಮಾಡಿದ ಹೊಸ ಮುಚ್ಚಳ ಬೇಕು. ಇಷ್ಟೆಲ್ಲ ತಲೆನೋವು ಬೇಡ ಅಂದರೆ ರುಬ್ಬಿ ಫ್ರೀಜರಿಗೆ ಹಾಕಿ.

ಅವರೆಕಾಳನ್ನೂ ಹೀಗೇ ಉಪ್ಪುನೀರಿನ ಬಾಟಲಿಯಲ್ಲಿ ಕುದಿಸಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಟೊಮೇಟೊಗೆ ಇರುವ ಹುಳಿ ಅವರೆಗೆ ಇಲ್ಲ. ಹುಳಿ ಇಲ್ಲದ ಕಾಳು, ಗಾಳಿ ಆಡದ ಬಾಟಲಿ, ಇದು ಬೊಟುಲಿನಂ ಅನ್ನುವ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗ. ಅದರ ಬೀಜಾಣು ಕುದಿಯುವ ನೀರಿಗೆ ಸಾಯುವುದಿಲ್ಲ. ಅದು ಬಿಡುವ ವಿಷಕ್ಕೆ ಎಷ್ಟೋ ಸಲ ವಾಸನೆಯೂ ಇರುವುದಿಲ್ಲ. ಅಡುಗೆಯ ಕುಕ್ಕರಿನಲ್ಲಿ ಬಾಟಲಿ ಇಟ್ಟು ನಾಲ್ಕು ವಿಷಲ್ ಕೂಗಿಸಿದರೆ ಆಯಿತು ಅನ್ನುವವರ ಮಾತೂ ಕೇಳಬೇಡಿ.

ಹಸಿ ಕಾಳಿಗೆ ಫ್ರೀಜರೇ ಸರಿ. ಕುದಿಯುವ ನೀರಿಗೆ ಮೂರು ನಿಮಿಷ, ತೆಗೆದ ಕೂಡಲೇ ಐಸ್ ನೀರಿಗೆ, ಆಮೇಲೆ ಬಟ್ಟೆ ಮೇಲೆ ಆರಿಸಿ. ತಟ್ಟೆಯಲ್ಲಿ ಹರಡಿ ಮೊದಲು ಗಟ್ಟಿ ಮಾಡಿಕೊಂಡು ನಂತರ ಕವರಿಗೆ ತುಂಬಿದರೆ ಕಾಳು ಕಾಳಾಗಿ ಉದುರುತ್ತದೆ, ಮುದ್ದೆಯಾಗುವುದಿಲ್ಲ. ಯುಗಾದಿ ದಾಟಿದ ಮೇಲೂ ಸಾರಿಗೆ ಆಗುತ್ತದೆ. ಸೊಗಡು ಮಾತ್ರ ಅರ್ಧ ಉಳಿದರೆ ಪುಣ್ಯ. ಹಿತಕಿದ ಬೇಳೆ ಮಾಡುವುದಾದರೆ ಸೀಸನ್ನಿನಲ್ಲೇ ತಿಂದುಬಿಡಿ, ಅದನ್ನು ಕೂಡಿಟ್ಟು ಏನು ಮಾಡುವುದು ಅಲ್ವಾ?

ಬೀಜಕ್ಕೆ ಮತ್ತು ವರ್ಷದ ಹುಳಿಗೆ ಕೆಲವು ಬಳ್ಳಿ ಮುಟ್ಟದೆ ಬಿಡಿ. ಕಾಯಿ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನಲಿ. ಸಂಕ್ರಾಂತಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಕಾಳು ಬಿಡಿಸಿ. ಹಲ್ಲಿಗೆ ಹಾಕಿದರೆ ಕಟಂ ಅನ್ನಬೇಕು, ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಸುಮ್ನೆ ಡಬ್ಬಿಗೆ ಹಾಕಿದರೆ ಎರಡು ತಿಂಗಳಲ್ಲಿ ಕುಟ್ಟೆ ಹಿಡಿಯುತ್ತದೆ. ನಮ್ಮಲ್ಲಿ ಕೆಮ್ಮಣ್ಣು ಕಟ್ಟುತ್ತೇವೆ: ಜರಡಿ ಹಿಡಿದ ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕಾಳಿಗೆ ಸವರಿ, ಮಣ್ಣು ಪುಡಿಪುಡಿ ಆಗುವವರೆಗೆ ಒಣಗಿಸುವುದು. ಬೇಕಾದಾಗ ತೊಳೆದುಕೊಂಡರೆ ಆಯಿತು.

ಯಲಹಂಕದ ನಿಮ್ಮ ಲೇಔಟಿನಲ್ಲಿ ಎಲ್ಲ ಕಟ್ಟಡದ ಮಣ್ಣು ಅಂದಿರಲ್ಲ, ಅದು ಬೇಡ, ಸಿಮೆಂಟು ಸೇರಿರುತ್ತದೆ. ನನ್ನ ಹತ್ತಿರ ಒಂದು ಚೀಲ ಜರಡಿ ಹಿಡಿದ ಕೆಮ್ಮಣ್ಣು ಇದೆ. ಜನವರಿಯಲ್ಲಿ ಆ ಕಡೆ ಬರುವುದಿದೆ, ಬೇಕಾದರೆ ಹೇಳಿ, ತಂದುಕೊಡುತ್ತೇನೆ.