ನಿಶಿ ಕಸಾಯ್‌ನಲ್ಲಿ ಮನೆ ಹುಡುಕುವ ಮುಂಚೆ

ಟೋಕಿಯೋದಲ್ಲಿ ಕೆಲಸ ಸಿಕ್ಕಿದೆ, ಎಲ್ಲರೂ ನಿಶಿ ಕಸಾಯ್ ಕಡೆ ಮನೆ ಮಾಡಿ ಅನ್ನುತ್ತಾರೆ, ಆದರೆ ಮ್ಯಾಪಿನಲ್ಲಿ ಸಮುದ್ರದ ಪಕ್ಕ ಬರೀ ಗೋದಾಮು ಕಾಣಿಸುತ್ತಿದೆ, ಚಿಕ್ಕ ಮಗು ಇಟ್ಟುಕೊಂಡು ಅಲ್ಲಿ ಇರಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಇರಬಹುದು. ಮನೆ ಎಲ್ಲಿದೆ ಅನ್ನುವುದನ್ನು ಮಾತ್ರ ಸರಿಯಾಗಿ ನೋಡಿ.

ನೀವು ನೋಡಿದ್ದು ರಿಂಕಾಯ್-ಚೋ ಇರಬೇಕು. ಟ್ರಕ್ ಟರ್ಮಿನಲ್, ತರಕಾರಿ-ಹೂವಿನ ಸಗಟು ಮಾರುಕಟ್ಟೆ, ಕೊಳಚೆ ನೀರು ಶುದ್ಧ ಮಾಡುವ ಘಟಕ ಎಲ್ಲ ಅಲ್ಲೇ ಇವೆ. ಅದಕ್ಕೆ ಹೆದರಬೇಡಿ. ಕಿರಿಕಿರಿ ಇರುವುದು ನಿಶಿ ಕಸಾಯ್‌ನ ಮುಂದಿನ ಸ್ಟೇಷನ್ ಆದ ಕಸಾಯ್ ಪಕ್ಕ ಹಾದುಹೋಗುವ ಕನ್ನಾನಾ ರಸ್ತೆಯಲ್ಲಿ. ಲಾರಿ ಓಡಾಟ ಜಾಸ್ತಿ. ಆ ರಸ್ತೆಗೆ ಬಾಲ್ಕನಿ ತೆರೆಯುವ ಮನೆ ಬೇಡ.

ನಿಜವಾಗಿ ಯೋಚಿಸಬೇಕಾದದ್ದು ನೀರು. ನಿಶಿ ಕಸಾಯ್ ಇರುವ ಈ ಎದೊಗಾವಾ ವಾರ್ಡಿನ ನೆಲ ಹತ್ತಕ್ಕೆ ಏಳು ಪಾಲು ಉಬ್ಬರದ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಹಿಂದೆ ಟೋಕಿಯೋದ ಈ ಪೂರ್ವ ಭಾಗದಲ್ಲಿ ಕಾರ್ಖಾನೆಗಳು ಅಂತರ್ಜಲ ಎಳೆದೂ ಎಳೆದೂ ನೆಲ ಕುಸಿಯಿತು. 2019ರಲ್ಲಿ ವಾರ್ಡಿನವರೇ ಹಂಚಿದ ಪ್ರವಾಹದ ನಕ್ಷೆಯ ಮುಖಪುಟದಲ್ಲಿ ಎದೊಗಾವಾ ಮೇಲೆ 'ಇಲ್ಲಿ ಇರಬಾರದು' ಅಂತ ಅಚ್ಚು ಹಾಕಿದ್ದರು! ಊರು ಬಿಟ್ಟು ಹೋಗಿ ಅಂತಲ್ಲ. ದೊಡ್ಡ ಪ್ರವಾಹ ಬರುವ ಸೂಚನೆ ಇದ್ದರೆ ಮೊದಲೇ ಬೇರೆ ಕಡೆ ಹೊರಡಿ ಅಂತ. ತಮಾಷೆ ನೋಡಿ, ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಸೆಯ್‌ಶಿನ್-ಚೋ ಎತ್ತರದಲ್ಲಿದೆ, ಹಳೇ ಊರಿನ ಜಾಗ ತಗ್ಗಿನಲ್ಲಿದೆ. ಹಾಗಾಗಿ ನನ್ನ ಓಟು ಸೆಯ್‌ಶಿನ್-ಚೋಗೆ. ಸ್ಟೇಷನ್‌ಗೆ ಸ್ವಲ್ಪ ನಡೆಯಬೇಕು, ನಡೆಯಿರಿ. ಅಲ್ಲಿ ಯುಆರ್ ಫ್ಲಾಟುಗಳಿವೆ, ಅಂದರೆ ಸರ್ಕಾರಿ ವಸತಿ ಸಂಸ್ಥೆಯ ಬಾಡಿಗೆ ಮನೆಗಳು. ಓನರ್‌ಗೆ ಸುಮ್ನೆ ಕೊಡುವ 'ರೆಯ್‌ಕಿನ್' ಇಲ್ಲ, ಬ್ರೋಕರ್ ಕಮಿಷನ್ ಇಲ್ಲ, ಜಾಮೀನಿಗೆ ಯಾರನ್ನೂ ಕಾಡಬೇಕಾಗಿಲ್ಲ. ಹೊಸಬರಿಗೆ ಇದಕ್ಕಿಂತ ಇನ್ನೇನು ಬೇಕು?

ಮಗುವಿಗಂತೂ ಪಾರ್ಕಿಗೆ ಬರವಿಲ್ಲ. 1989ರಲ್ಲಿ ತೆರೆದ ಕಸಾಯ್ ರಿಂಕಾಯ್ ಪಾರ್ಕಿನಲ್ಲಿ 117 ಮೀಟರ್ ಎತ್ತರದ ಜಯಂಟ್ ವೀಲ್ ಇದೆ, ಅಕ್ವೇರಿಯಂನಲ್ಲಿ ಟ್ಯೂನಾ ಮೀನುಗಳು ಸುತ್ತು ಹೊಡೆಯುವುದನ್ನು ನೋಡಬಹುದು. ಆದರೆ ವಾರವಾರ ಹೋಗೋಕೆ ಗ್ಯೋಸೆನ್ ಪಾರ್ಕೇ ವಾಸಿ. ಒಳಗೆ ಪುಟ್ಟ ಮೃಗಾಲಯ ಇದೆ, ಟಿಕೆಟ್ ಇಲ್ಲ. ಸೋಮವಾರ ಮಾತ್ರ ಹೋಗಬೇಡಿ, ರಜೆ.

ಸೂಟ್‌ಕೇಸಿನಲ್ಲಿ ಅಕ್ಕಿ, ಬೇಳೆ ಹೊತ್ತು ತರಬೇಡಿ, ಸ್ಟೇಷನ್ ಸುತ್ತ ನಮ್ಮವರ ಅಂಗಡಿಗಳಿವೆ. ಈ ವಾರ್ಡಿನಲ್ಲೇ ಬೆಳೆಯುವ ಕೊಮಾತ್ಸುನಾ ಸೊಪ್ಪು ಹಾಕಿ ಮಸ್ಸೊಪ್ಪು ಮಾಡಿ ನೋಡಿ, ಪಾಲಕ್ ನೆನಪಾಗುವುದಿಲ್ಲ.

ಇನ್ನು ನಿಶಿ ಕಸಾಯ್‌ನ ಮೆಟ್ರೋ, ತೋಜಾಯ್ ಲೈನು. ಊರ ನಡುವೆ ಆಫೀಸುಗಳಿರುವ ಓತೆಮಾಚಿಗೆ ಕಾಲು ಗಂಟೆ, ಆದರೆ ಬೆಳಗಿನ ಹೊತ್ತು ಕೈ ಎತ್ತಿದರೆ ಇಳಿಸೋಕೆ ಜಾಗ ಇರುವುದಿಲ್ಲ. ಆಫೀಸಿನವರು ಹತ್ತಕ್ಕೆ ಬಂದರೂ ನಡೆಯುತ್ತೆ ಅಂದರೆ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಡಿ.